ಲೆಪರ್ಡ್ ಗೆಕ್ಕೊಗೆ ಎಷ್ಟು ದೊಡ್ಡ ಟ್ಯಾಂಕ್ ಬೇಕು?

ಪ್ರಶ್ನೆ: ಲೆಪರ್ಡ್ ಗೆಕ್ಕೊ (ಸಾಕುವ ಚುಕ್ಕೆ ಹಲ್ಲಿ) ಮರಿ ಈಗ 4 ಇಂಚು ಇದೆ. 24×12×12 ಇಂಚಿನ ಗಾಜಿನ ಟ್ಯಾಂಕ್ ಸಾಕಾಗುತ್ತಾ, ಈಗಲೇ ದೊಡ್ಡದು ತಗೊಳ್ಳಲಾ?

ಉತ್ತರ 1: ಸದ್ಯಕ್ಕೆ ಸಾಕು. ಬೆಳೆದರೆ 8–10 ಇಂಚು ಆಗುತ್ತೆ, ಆಗ 36×18×18 ಬೇಕು. ಇದಕ್ಕೆ ಮನೆ ಹಲ್ಲಿಯ ಹಾಗೆ ಅಂಟುವ ಬೆರಳಿಲ್ಲ, ಗಾಜು ಹತ್ತಲ್ಲ. ಎತ್ತರಕ್ಕಿಂತ ಉದ್ದ ನೋಡಿ. ಒಂದು ತುದಿಯಲ್ಲಿ ನೆಲ 32–34 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 24–26 ಇರಬೇಕು. ತೀರಾ ಚಿಕ್ಕ ಟ್ಯಾಂಕಾದರೆ ಪೂರ್ತಿ ಕಾದುಬಿಡುತ್ತೆ, ಪಾಪ, ತಂಪಿಗೆ ಸರಿಯೋಕೆ ಜಾಗವೇ ಇರಲ್ಲ.

ಉತ್ತರ 2: ಹೀಟ್ ಮ್ಯಾಟ್ (ಬಿಸಿ ಮಾಡುವ ಹಾಸು) ನೆಲದ ಮೂರನೇ ಒಂದು ಭಾಗದ ಕೆಳಗೆ ಮಾತ್ರ ಇರಲಿ. ಬಿಸಿ ಹದದಲ್ಲಿಡುವ ಥರ್ಮೋಸ್ಟ್ಯಾಟ್ ಇಲ್ಲದೆ ದಯವಿಟ್ಟು ಹಾಕಬೇಡಿ, ಹೊಟ್ಟೆ ಸುಡುತ್ತೆ. ಬಿಸಿ ಕಡೆ ಒಂದು, ತಂಪು ಕಡೆ ಒಂದು ಅಡಗುತಾಣ. ಜೊತೆಗೆ ಒದ್ದೆ ಪಾಚಿ (ಮಾಸ್) ತುಂಬಿದ ಮುಚ್ಚಳದ ಡಬ್ಬಿ, ಪಕ್ಕದಲ್ಲಿ ತೂತು. ಆ ತೇವ ಇಲ್ಲದಿದ್ರೆ ಪೊರೆ ಪೂರ್ತಿ ಕಳಚಲ್ಲ. ಉಳಿದ ಪೊರೆ ಬೆರಳಿಗೆ ಉಂಗುರದ ಹಾಗೆ ಬಿಗಿದು, ರಕ್ತ ಹರಿಯದೆ ಬೆರಳೇ ಉದುರಬಹುದು.

ಪ್ರಶ್ನೆ: 36 ಇಂಚಿನದರಲ್ಲಿ ಎರಡು ಇಡಬಹುದಾ?

ಉತ್ತರ 1: ಬೇಡ. ಎರಡು ಗಂಡು ಕಚ್ಚಾಡ್ತವೆ. ಹೆಣ್ಣುಗಳಲ್ಲೂ ಜೋರಿನದು ಬಿಸಿ ಜಾಗ ಹಿಡಿಯುತ್ತೆ, ಇನ್ನೊಂದು ಮೇವು ಬಿಟ್ಟು, ಬಾಲದ ಕೊಬ್ಬು ಕರಗಿ ಬಾಲ ಸಣ್ಣಗಾಗುತ್ತೆ. ಒಂದಕ್ಕೆ ಒಂದೇ ಟ್ಯಾಂಕ್.