ಕ್ಲೀನರ್ ತೆಗೆದರೂ ವಾಪಸ್ ಬರುತ್ತಿದೆ, ಇದು ನಕಲಿ ಆ್ಯಂಟಿವೈರಸ್ಸೇ?

ಹಸಿರುಕೀಲಿ:
ವಿಂಡೋಸ್ 11 ಲ್ಯಾಪ್‌ಟಾಪ್. ಪರದೆಯ ಬಲಗಡೆ ಕೆಳಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಸಿಕ್ಕಿವೆ" ಅಂತ ಆಗಾಗ ಒಂದು ಚೌಕ ಏಳುತ್ತೆ. ಹೆಸರಾಂತ ಆ್ಯಂಟಿವೈರಸ್ಸಿನ ಲೋಗೋ ಇದೆ, ಆದರೆ ಅದನ್ನು ಇದರಲ್ಲಿ ಹಾಕಿಯೇ ಇಲ್ಲ. ಜೊತೆಗೆ ಪಿಸಿ ಕ್ಲೀನರ್ ಥರದ್ದೊಂದು ಬಂದು ಕೂತಿದೆ. ತಾನೇ ಸ್ಕ್ಯಾನ್ ಶುರು ಮಾಡಿ, ನೂರಾರು ದೋಷ ತೋರಿಸಿ, ಸರಿಪಡಿಸಲು ದುಡ್ಡು ಕಟ್ಟಿ ಅನ್ನುತ್ತೆ. ಅನ್‌ಇನ್‌ಸ್ಟಾಲ್ ಮಾಡಿದರೆ ರೀಸ್ಟಾರ್ಟ್ ಆದಮೇಲೆ ಮತ್ತೆ ಹಾಜರ್. ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್ ಆಫ್ ಆಗಿದೆ, ಆನ್ ಆಗ್ತಿಲ್ಲ. ಫಾರ್ಮ್ಯಾಟ್ ಮಾಡದೆ ದಾರಿ ಇದೆಯಾ?

ಬೂಟ್‌ಲೂಪ್:
ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಕಲೆಸಿಕೊಂಡಿವೆ. ಮೂಲೆಯಲ್ಲಿ ಏಳುವ ಚೌಕ ಬಹುತೇಕ ಬ್ರೌಸರ್ ನೋಟಿಫಿಕೇಶನ್. ಎಷ್ಟು ಸಲ ಸ್ಕ್ಯಾನ್ ಮಾಡಿಸಿದರೂ ಅದು ಹೋಗಲ್ಲ, ಯಾಕಂದ್ರೆ ಡಿಸ್ಕ್‌ನಲ್ಲಿ ತೆಗೆಯೋಕೆ ಫೈಲೇ ಇಲ್ಲ. "ನೀವು ರೋಬೋಟ್ ಅಲ್ಲವಾದರೆ ಅಲೋ ಒತ್ತಿ" ಅಂತ ಯಾವುದೋ ಸೈಟ್ ಕೇಳಿರುತ್ತೆ, ಯಾರೋ ಒತ್ತಿರುತ್ತಾರೆ.

ಚೌಕವನ್ನು ಹತ್ತಿರದಿಂದ ನೋಡಿ. ಸಣ್ಣ ಅಕ್ಷರದಲ್ಲಿ ಕ್ರೋಮ್ ಅಥವಾ ಎಡ್ಜ್ ಅನ್ನೋ ಹೆಸರು, ಪಕ್ಕದಲ್ಲಿ ಒಂದು ಸೈಟ್ ವಿಳಾಸ ಇದ್ದರೆ ಇದೇ ಕೇಸ್. ವಿಂಡೋಸ್‌ನ ಸ್ವಂತ ಎಚ್ಚರಿಕೆಯಾದರೆ ವಿಂಡೋಸ್ ಸೆಕ್ಯುರಿಟಿ ಹೆಸರಲ್ಲಿ ಬರುತ್ತೆ, ಅದರೊಳಗಿನ ಪ್ರೊಟೆಕ್ಷನ್ ಹಿಸ್ಟರಿಯಲ್ಲೂ ದಾಖಲಾಗಿರುತ್ತೆ. ಆದರೆ ಆ ಆ್ಯಪ್ ಅನ್ನು ಸ್ಟಾರ್ಟ್ ಮೆನುವಿನಿಂದಲೇ ತೆರೆಯಿರಿ, ಚೌಕದ ಮೇಲೆ ಒತ್ತಿ ಅಲ್ಲ.

ತೆಗೆಯೋದು: ಬ್ರೌಸರ್ ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ನೋಟಿಫಿಕೇಶನ್ಸ್ ಅಂತ ಟೈಪ್ ಮಾಡಿ (ಮೆನು ಜಾಗ ಪ್ರತಿ ವರ್ಷನ್‌ಗೂ ಬದಲಾಗುತ್ತೆ, ಇದೇ ವಾಸಿ). ಅನುಮತಿ ಇರುವ ಸೈಟ್‌ಗಳ ಪಟ್ಟಿಯಲ್ಲಿ ಗುರುತಿಲ್ಲದವನ್ನೆಲ್ಲ ಬ್ಲಾಕ್ ಮಾಡಿ. ಬರೀ ರಿಮೂವ್ ಮಾಡಿದರೆ ಆ ಸೈಟ್ ಮತ್ತೆ ಅನುಮತಿ ಕೇಳಬಹುದು. ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಪಟ್ಟಿಯನ್ನೂ ಒಮ್ಮೆ ನೋಡಿ. ಸ್ವಂತ ಕಂಪ್ಯೂಟರಲ್ಲಿ ಕ್ರೋಮ್ ಮೆನುವಿನ ಕೆಳಗೆ "ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ" ಅನ್ನೋ ಸಾಲು ಇದ್ದು ಒಂದು ಎಕ್ಸ್‌ಟೆನ್ಶನ್ ತೆಗೆಯಲು ಬಿಡದಿದ್ದರೆ, ಯಾವುದೋ ಪ್ರೋಗ್ರಾಂ ಪಾಲಿಸಿ (ಬಳಕೆದಾರ ಬದಲಿಸಲಾಗದ ನಿಯಮ) ಬರೆದು ಅದನ್ನು ಬಲವಂತವಾಗಿ ಕೂರಿಸಿದೆ ಅಂತರ್ಥ.

ಇದೇ ಜಾತಿಯ ಇನ್ನೊಂದು: ಇಡೀ ಪರದೆ ತುಂಬಿ, ಸೈರನ್ ಕೂಗಿ, "ಈ ನಂಬರಿಗೆ ಕರೆ ಮಾಡಿ" ಅನ್ನೋ ಪುಟ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರೋದೇ ಇಲ್ಲ. ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಫುಲ್ ಸ್ಕ್ರೀನ್ ಬಿಡುತ್ತೆ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಗಿಸಿ. ಮತ್ತೆ ತೆರೆದಾಗ "ಹಳೆಯ ಪುಟಗಳನ್ನು ಮರಳಿಸಲೇ" ಅಂದರೆ ಬೇಡ ಅನ್ನಿ, ಇಲ್ಲದಿದ್ದರೆ ಅದೇ ಪುಟ ಮತ್ತೆ ಎದುರಿಗೆ ಬರುತ್ತೆ.

ರಿಜಿಸ್ಟ್ರಿರಾಯ:
ಕ್ಲೀನರ್ ವಿಷಯ ನಾನು ಹೇಳ್ತೀನಿ. ಲಕ್ಷಣ ನೀವೇ ಬರೆದಿದ್ದೀರಿ: ಹೇಳದೆ ಬಂತು, ಪತ್ತೆ ಪುಕ್ಕಟೆ, ಚಿಕಿತ್ಸೆಗೆ ಕಾಸು. ಇನ್ನೊಂದು ಗುರುತು, "ದೋಷ"ಗಳ ವಿವರ ತೆಗೆದು ನೋಡಿದರೆ ಫೈಲ್ ಪಾತ್ ಇರಲ್ಲ, ಅಥವಾ ಕುಕೀ, ಟೆಂಪ್ ಫೈಲ್, ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಕಡತ) ಖಾಲಿ ಕೀಗಳನ್ನೇ "ಗಂಭೀರ ಅಪಾಯ" ಅಂತ ಎಣಿಸಿರುತ್ತೆ.

ತೆಗೆದರೂ ಬರೋದಕ್ಕೆ ಸಾಮಾನ್ಯ ಕಾರಣ ಟಾಸ್ಕ್ ಶೆಡ್ಯೂಲರ್, ಅಂದ್ರೆ ನಿಗದಿತ ಹೊತ್ತಿಗೆ ಪ್ರೋಗ್ರಾಂ ತಾನಾಗಿ ಓಡಿಸುವ ವಿಂಡೋಸ್ ಸೌಲಭ್ಯ. ಅನ್‌ಇನ್‌ಸ್ಟಾಲರ್ ಮುಖ್ಯ ಫೋಲ್ಡರ್ ಅಳಿಸಿ, ಲಾಗಿನ್ ಆದಾಗ ಓಡುವ ಟಾಸ್ಕ್ ಒಂದನ್ನು ಹಾಗೇ ಬಿಟ್ಟುಹೋಗುತ್ತೆ, ಅದು ಮತ್ತೆ ಡೌನ್‌ಲೋಡ್ ಮಾಡುತ್ತೆ. ಹಾಗಾಗಿ ಕ್ರಮ ಮುಖ್ಯ:

ಮೊದಲು ಬೇರೊಂದು ಶುದ್ಧ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಸಿಸ್‌ಇಂಟರ್ನಲ್ಸ್‌ನ ಆಟೋರನ್ಸ್ (ತಾನಾಗಿ ಶುರುವಾಗುವ ಎಲ್ಲವನ್ನೂ ತೋರಿಸುವ ಟೂಲ್), ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ (ವೈರಸ್ ಹುಡುಕಿ ತೆಗೆಯುವ ಟೂಲ್) ಎರಡನ್ನೂ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಸೇಫ್ಟಿ ಸ್ಕ್ಯಾನರ್ ಇಳಿಸಿದ 10 ದಿನಕ್ಕೆ ಅವಧಿ ಮುಗಿಯುತ್ತೆ, ಹಳೆಯದು ಬಳಸಬೇಡಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಅಗತ್ಯವಾದಷ್ಟನ್ನೇ ಓಡಿಸಿ ವಿಂಡೋಸ್ ಏಳುವ ಸೇಫ್ ಮೋಡ್‌ಗೆ ಹೋಗುವಾಗ ಕೇಳಬಹುದು. ಆಮೇಲೆ ಲ್ಯಾಪ್‌ಟಾಪ್‌ನ ನೆಟ್ ಕಡಿಯಿರಿ.

ಶಿಫ್ಟ್ ಒತ್ತಿಕೊಂಡೇ ರೀಸ್ಟಾರ್ಟ್ ಕ್ಲಿಕ್ ಮಾಡಿ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಶನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ನಂತರ 4. ಸೇಫ್ ಮೋಡ್ ಬಂದಮೇಲೆ ಮತ್ತೊಮ್ಮೆ ಅನ್‌ಇನ್‌ಸ್ಟಾಲ್ ಪ್ರಯತ್ನಿಸಿ. ಆಟೋರನ್ಸ್ ಅನ್ನು ಅಡ್ಮಿನ್ ಆಗಿ ತೆರೆದು, ಮೈಕ್ರೋಸಾಫ್ಟ್ ನಮೂದುಗಳನ್ನು ಮರೆಮಾಡುವ ಆಯ್ಕೆ ಹಾಕಿ, ಲಾಗಾನ್, ಶೆಡ್ಯೂಲ್ಡ್ ಟಾಸ್ಕ್ಸ್, ಸರ್ವಿಸಸ್ ಟ್ಯಾಬ್ ನೋಡಿ. ಪ್ರೋಗ್ರಾಂಡೇಟಾ ಅಥವಾ ಆ್ಯಪ್‌ಡೇಟಾ ಒಳಗೆ ಅರ್ಥವಿಲ್ಲದ ಹೆಸರಿನ ಫೋಲ್ಡರ್, ಪಬ್ಲಿಷರ್ ಕಾಲಂ ಖಾಲಿ, ಎರಡೂ ಒಟ್ಟಿಗಿದ್ದರೆ ಅನುಮಾನಿಸಿ. ಮೊದಲು ಟಿಕ್ ತೆಗೆಯಿರಿ, ಡಿಲೀಟ್ ಬೇಡ. ತಪ್ಪಾಗಿದ್ದರೆ ಟಿಕ್ ಮತ್ತೆ ಹಾಕಬಹುದು. ಹಾಗಂತ ಪಬ್ಲಿಷರ್ ಹೆಸರಿದ್ದ ಮಾತ್ರಕ್ಕೆ ಒಳ್ಳೆಯದು ಅಂದುಕೊಳ್ಳಬೇಡಿ, ಇಂಥ ಕ್ಲೀನರ್‌ಗಳಲ್ಲಿ ಡಿಜಿಟಲ್ ಸಹಿ ಇರುವವೂ ಉಂಟು.

ನಂತರ ಸೇಫ್ಟಿ ಸ್ಕ್ಯಾನರ್‌ನಲ್ಲಿ ಫುಲ್ ಸ್ಕ್ಯಾನ್. ಗಂಟೆಗಟ್ಟಲೆ ಆದರೆ ಗಾಬರಿಯಾಗಬೇಡಿ, ಅಸಲಿ ಸ್ಕ್ಯಾನ್ ನಿಧಾನವೇ. ನಡುವೆ ಸೋಂಕಿತ ಫೈಲ್ ಸಂಖ್ಯೆ ಏರಿ, ಕೊನೆಗೆ ಏನೂ ಸಿಗಲಿಲ್ಲ ಅನ್ನಬಹುದು. ನಡುವಿನ ಸಂಖ್ಯೆ ಅನುಮಾನಾಸ್ಪದವಷ್ಟೇ, ಕೊನೆಯದೇ ತೀರ್ಮಾನ.

ಡಿಫೆಂಡರ್: ಬೇರೆ ಆ್ಯಂಟಿವೈರಸ್ ನೋಂದಣಿಯಾಗಿದ್ದರೆ ಅದು ತಾನಾಗಿ ಹಿಂದೆ ಸರಿಯುತ್ತೆ. ವಿಂಡೋಸ್ ಸೆಕ್ಯುರಿಟಿಯ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಪ್ರೊವೈಡರ್ಸ್ ತೆರೆದರೆ ಯಾರ ಹೆಸರಿದೆ ಅಂತ ಗೊತ್ತಾಗುತ್ತೆ.

ಹಸಿರುಕೀಲಿ:
ನೋಟಿಫಿಕೇಶನ್ ಹೋಯ್ತು, ಎರಡು ಸೈಟ್ ಬ್ಲಾಕ್ ಮಾಡಿದೆ. ಶೆಡ್ಯೂಲರ್‌ನಲ್ಲಿ ಟಾಸ್ಕ್ ಸಿಕ್ಕಿತು, ಟಿಕ್ ತೆಗೆದೆ. ಆದರೆ ಸೇಫ್ಟಿ ಸ್ಕ್ಯಾನರ್ ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತಲೇ ಇಲ್ಲ, ಎರರ್ ಕೂಡ ಬರಲ್ಲ. ಕಾರ್ಡ್ ನಂಬರ್ ಕೊಟ್ಟು ದುಡ್ಡು ಕಟ್ಟಿದ್ದೂ ಆಗಿದೆ.

ರಿಜಿಸ್ಟ್ರಿರಾಯ:
ಫೈಲ್ ಹೆಸರು ಬದಲಿಸಿ ಓಡಿಸಿ ನೋಡಿ. ಹೊಸ ಹೆಸರಲ್ಲಿ ತೆರೆದರೆ ಹೆಸರು ನೋಡಿ ತಡೆಯಲಾಗಿದೆ ಅಂತ ಖಚಿತ. ಆಟೋರನ್ಸ್‌ನ ಇಮೇಜ್ ಹೈಜಾಕ್ಸ್ ಟ್ಯಾಬ್ ನೋಡಿ: ನಿರ್ದಿಷ್ಟ ಹೆಸರಿನ ಪ್ರೋಗ್ರಾಂ ಕರೆದಾಗ ಬದಲಿಗೆ ಇನ್ನೊಂದನ್ನು ಓಡಿಸು ಅನ್ನೋ ರಿಜಿಸ್ಟ್ರಿ ಸೂಚನೆ ಅಲ್ಲಿ ಕಾಣುತ್ತೆ. ಆ್ಯಂಟಿವೈರಸ್ ಟೂಲ್‌ಗಳ ಹೆಸರು ಅಲ್ಲಿದ್ದರೆ ಟಿಕ್ ತೆಗೆಯಿರಿ.

ಆಗಲೂ ಬಗ್ಗದಿದ್ದರೆ ಸಾಮಾನ್ಯ ಮೋಡ್‌ಗೆ ಬಂದು ಆರ್‌ಕಿಲ್ ಅನ್ನೋ ಟೂಲ್ ಓಡಿಸಿ. ಅದು ಹಾನಿಕರ ಪ್ರೋಸೆಸ್ ನಿಲ್ಲಿಸುತ್ತೆ ಅಷ್ಟೇ, ಫೈಲ್ ತೆಗೆಯಲ್ಲ. ಹಾಗಾಗಿ ನಡುವೆ ರೀಸ್ಟಾರ್ಟ್ ಮಾಡದೆ ನೇರ ಸ್ಕ್ಯಾನ್‌ಗೆ ಹೋಗಿ.

ಡಿಫೆಂಡರ್ ಎದ್ದ ಮೇಲೆ ಅದರ ಎಕ್ಸ್‌ಕ್ಲೂಶನ್ಸ್ (ಸ್ಕ್ಯಾನ್‌ನಿಂದ ಹೊರಗಿಟ್ಟವುಗಳ) ಪಟ್ಟಿ ನೋಡೋದು ಮರೆಯಬೇಡಿ. ಕಳ್ಳ ತನ್ನ ಫೋಲ್ಡರನ್ನು ಅಲ್ಲಿ ಸೇರಿಸಿದ್ದರೆ ಸ್ಕ್ಯಾನ್ ಅದನ್ನು ಮುಟ್ಟುವುದೇ ಇಲ್ಲ. ಕೊನೆಗೆ ಸ್ಕ್ಯಾನ್ ಆಪ್ಶನ್ಸ್‌ನಿಂದ ಆಫ್‌ಲೈನ್ ಸ್ಕ್ಯಾನ್ ಕೊಡಿ. ವಿಂಡೋಸ್ ಏಳುವ ಮೊದಲೇ ನಡೆಯುತ್ತೆ, ಸುಮಾರು 15 ನಿಮಿಷ.

ಬೂಟ್‌ಲೂಪ್:
ಸ್ಕ್ಯಾನ್ ಆಮೇಲೆ, ಮೊದಲು ಬ್ಯಾಂಕ್. ಕಾರ್ಡ್ ಬ್ಲಾಕ್ ಮಾಡಿಸಿ, ಆ ವಹಿವಾಟನ್ನು ವಿವಾದಿತ ಅಂತ ಬರೆಸಿ. ಇವು ಚಂದಾ ಹೆಸರಲ್ಲಿ ಮತ್ತೆ ಮತ್ತೆ ಹಣ ಎಳೆಯಬಹುದು. ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ, ಇಮೇಲ್‌ನದ್ದು ಮೊದಲು. "ಸಹಾಯ ಮಾಡ್ತೀವಿ" ಅಂತ ಯಾರಾದರೂ ಕರೆ ಮಾಡಿ ಎನಿಡೆಸ್ಕ್, ಟೀಮ್‌ವ್ಯೂವರ್ ಥರದ, ದೂರದಿಂದಲೇ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸಿ ಒಳಗೆ ಬಂದಿದ್ದರೆ ಮಾತ್ರ ಲೆಕ್ಕ ಬೇರೆ: ಅವರು ಏನೇನು ಮಾಡಿದರು ಅಂತ ಸ್ಕ್ಯಾನರ್ ಹೇಳಲ್ಲ. ಫೋಟೋ, ದಾಖಲೆ ಬ್ಯಾಕಪ್ ಮಾಡಿಕೊಂಡು, ಪ್ರೋಗ್ರಾಂ ಫೈಲ್‌ಗಳನ್ನು ಬಿಟ್ಟು, ವಿಂಡೋಸ್ ಹೊಸದಾಗಿ ಹಾಕಿ.