ಸ್ಲರ್ಮ್ ಕ್ಲಸ್ಟರ್‌ನಲ್ಲಿ ಸ್ಪಾರ್ಕ್: ವರ್ಕರ್‌ಗಳು ಹುಟ್ಟಿದ ಮೂರ್ನಾಲ್ಕು ಸೆಕೆಂಡಿಗೆ ಸಾಯುತ್ತಿವೆ

ಕೆರೆಕೋಡಿ (ಕೋಲಾರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ಕೋಲಾರ ಜಿಲ್ಲೆಯ ಕೆರೆಗಳಲ್ಲಿ ಯಾವಾಗ ಎಷ್ಟು ನೀರು ನಿಂತಿತ್ತು ಅಂತ ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕುತ್ತಿದ್ದೇನೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಅದಕ್ಕೆ ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಅಂತ ಒಂದೊಂದು ಕೆರೆಗೂ ನೋಡಬೇಕು. ಸೆಂಟಿನೆಲ್-2 ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲ. ಜಿಲ್ಲೆಗೆಲ್ಲ ಸೇರಿ ಒಂದು ದಿನದ ಚಿತ್ರಕ್ಕೆ ಸುಮಾರು 4 ಕೋಟಿ ಪಿಕ್ಸೆಲ್. ಎರಡೂ ಉಪಗ್ರಹ ಹಾರತೊಡಗಿದ 2017ರಿಂದ ಐದು ದಿನಕ್ಕೊಂದು ಚಿತ್ರ. ಇವನ್ನೆಲ್ಲ ಪಾರ್ಕೆ ಫೈಲ್ (ದೊಡ್ಡ ಕೋಷ್ಟಕಗಳನ್ನು ಒತ್ತಿಡುವ ಫೈಲ್ ಬಗೆ) ಮಾಡಿಟ್ಟಿದ್ದೇನೆ, ಸುಮಾರು 400 ಜಿಬಿ ಆಗಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಸ್ಪಾರ್ಕ್ 3.5 (ದೊಡ್ಡ ಡೇಟಾದ ಲೆಕ್ಕವನ್ನು ಹಲವು ಕಂಪ್ಯೂಟರ್‌ಗೆ ಹಂಚಿ ಮಾಡುವ ತಂತ್ರಾಂಶ) ಹಾಕಿ ಒಂದೇ ಕೆರೆಗೆ ಓಡಿಸಿದೆ, ಚೆನ್ನಾಗಿ ಬಂತು.

ಈಗ ಸಂಸ್ಥೆಯ ಕ್ಲಸ್ಟರ್‌ನಲ್ಲಿ ನಾಲ್ಕು ನೋಡ್, ಅಂದರೆ ಒಟ್ಟಿಗೆ ಜೋಡಿಸಿದ ನಾಲ್ಕು ಕಂಪ್ಯೂಟರ್, ಸಿಕ್ಕಿದೆ. ಒಂದೊಂದಕ್ಕೆ 48 ಕೋರ್, 192 ಜಿಬಿ ಮೆಮೊರಿ. ಅಲ್ಲಿ ಎಲ್ಲವೂ ಸ್ಲರ್ಮ್ (ಯಾರ ಕೆಲಸಕ್ಕೆ ಯಾವ ನೋಡ್, ಎಷ್ಟು ಹೊತ್ತು ಅಂತ ಹಂಚುವ ತಂತ್ರಾಂಶ) ಮೂಲಕವೇ ನಡೆಯಬೇಕು. ಎಸ್‌ಬ್ಯಾಚ್ ಸ್ಕ್ರಿಪ್ಟ್‌ನಲ್ಲಿ (ಸ್ಲರ್ಮ್ ಸರದಿಗೆ ಕೊಡುವ ಸ್ಕ್ರಿಪ್ಟ್) ಮೊದಲು ಕೆಲಸ ಹಂಚುವ ಮಾಸ್ಟರ್ ಏಳಲಿ ಅಂತ ಸ್ಪಾರ್ಕ್‌ನ ಸ್ಟಾರ್ಟ್-ಮಾಸ್ಟರ್ ಓಡಿಸುತ್ತೇನೆ, ಆಮೇಲೆ ಎಸ್‌ರನ್ (ಸಿಕ್ಕ ನೋಡ್‌ಗಳಲ್ಲಿ ಆದೇಶ ಓಡಿಸುವ ಸ್ಲರ್ಮ್ ಆದೇಶ) ಹಾಕಿ ನಾಲ್ಕೂ ನೋಡ್‌ನಲ್ಲಿ ಲೆಕ್ಕ ಮಾಡುವ ವರ್ಕರ್‌ಗೆ ಸ್ಟಾರ್ಟ್-ವರ್ಕರ್, ಕೊನೆಗೆ ಲೆಕ್ಕ ಕಳಿಸೋಕೆ ಸ್ಪಾರ್ಕ್-ಸಬ್ಮಿಟ್. ಮಾಸ್ಟರ್ ಲಾಗ್‌ನಲ್ಲಿ ನಾಲ್ಕು ವರ್ಕರ್ ಹೆಸರು ನೋಂದಣಿಯಾಗುತ್ತೆ. ಮೂರ್ನಾಲ್ಕು ಸೆಕೆಂಡಿಗೆ ನಾಲ್ಕೂ ಸಂಪರ್ಕ ಕಡಿದುಕೊಳ್ಳುತ್ತವೆ. ವರ್ಕರ್ ಲಾಗ್‌ನಲ್ಲಿ ಒಂದೂ ದೋಷ ಇಲ್ಲ, ಬರೆಯುತ್ತ ಬರೆಯುತ್ತ ನಿಂತುಹೋಗಿದೆ. ಸಬ್ಮಿಟ್ ಮಾಡಿದ ಕೆಲಸ ಮಾತ್ರ ಸಂಪನ್ಮೂಲ ಸಿಕ್ಕಿಲ್ಲ ಅಂತ ಗಂಟೆಗಟ್ಟಲೆ ಹೇಳುತ್ತಾ ಕೂತಿರುತ್ತೆ. ಕ್ಲಸ್ಟರ್ ನೋಡಿಕೊಳ್ಳುವವರ ಸಹಾಯ ಕೇಳಿದರೆ ಸ್ಪಾರ್ಕ್ ನಮ್ಮ ಜವಾಬ್ದಾರಿಯಲ್ಲ ಅಂತ ಉತ್ತರ ಬಂತು.

ನಮ್ಮ ತಾತ ಊರ ಕೆರೆಯ ನೀರುಗಂಟಿ. ಯಾವ ವರ್ಷ ಕೋಡಿ ಬಿತ್ತು, ಯಾವ ವರ್ಷ ತೂಬಿನ ಮಟ್ಟಕ್ಕೂ ನೀರು ಬರಲಿಲ್ಲ ಅಂತ ಬೆರಳು ಮಡಚಿ ಹೇಳುತ್ತಿದ್ದರು. ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಈ ಲೆಕ್ಕ ಮುಗಿಸಲೇಬೇಕು ಅಂತ ನನಗೆ ಹಟ ಇದೆ.

ಹಳೇ ಅಡ್ಮಿನ್ (ತುಮಕೂರು):

ನಮಸ್ಕಾರ ಮೇಡಂ. ಲಾಗ್‌ನಲ್ಲಿ ದೋಷ ಇಲ್ಲದೆ ಸತ್ತಿದೆ ಅಂದಿರಲ್ಲ, ಅದರಲ್ಲೇ ಉತ್ತರ ಇದೆ. ವರ್ಕರ್ ತಾನಾಗಿ ಸಾಯುತ್ತಿಲ್ಲ, ಸ್ಲರ್ಮ್ ಅದನ್ನು ಕೊಲ್ಲುತ್ತಿದೆ.

ಸ್ಟಾರ್ಟ್-ವರ್ಕರ್ ಅನ್ನೋ ಸ್ಕ್ರಿಪ್ಟ್ ಜಾವಾ ಪ್ರೋಸೆಸನ್ನು ಹಿನ್ನೆಲೆಗೆ ತಳ್ಳಿ, ಬದುಕಿದೆಯಾ ಅಂತ ಕೆಲವು ಸೆಕೆಂಡು ನೋಡಿ, ತಾನು ಮುಗಿದುಹೋಗುತ್ತೆ. ಲ್ಯಾಪ್‌ಟಾಪ್‌ನಲ್ಲಾದರೆ ಜಾವಾ ಉಳಿಯುತ್ತೆ. ಸ್ಲರ್ಮ್‌ನಲ್ಲಿ ಎಸ್‌ರನ್ ಹಾಕಿದ ಪ್ರತಿ ಆದೇಶ ಒಂದು 'ಸ್ಟೆಪ್'. ಆ ಸ್ಟೆಪ್‌ನಲ್ಲಿ ಹುಟ್ಟಿದ್ದೆಲ್ಲ ಒಂದೇ ಸಿಗ್ರೂಪ್ (ಲಿನಕ್ಸ್ ಪ್ರೋಸೆಸ್‌ಗಳನ್ನು ಗುಂಪು ಮಾಡಿ ಮಿತಿ ಹಾಕುವ ಬೇಲಿ) ಒಳಗಿರುತ್ತೆ. ಸ್ಕ್ರಿಪ್ಟ್ ಮುಗಿದ ಕೂಡಲೇ ಸ್ಟೆಪ್ ಮುಗಿಯಿತು ಅಂತ ಲೆಕ್ಕ, ಸಿಗ್ರೂಪ್ ಒಳಗೆ ಉಳಿದಿದ್ದನ್ನೆಲ್ಲ ಗುಡಿಸಿಬಿಡುತ್ತೆ. ನಿಮ್ಮ ಮಾಸ್ಟರ್ ಮಾತ್ರ ಬದುಕಿರೋದು ಯಾಕೆ ಅಂದರೆ ಅದನ್ನು ಎಸ್‌ರನ್ ಇಲ್ಲದೆ ನೇರ ಬ್ಯಾಚ್ ಸ್ಕ್ರಿಪ್ಟ್‌ನಲ್ಲಿ ಎಬ್ಬಿಸಿದ್ದೀರಿ, ಆ ಸ್ಟೆಪ್ ಇನ್ನೂ ಮುಗಿದಿಲ್ಲ.

ನಿಮ್ಮ ತಾತನ ಕೆಲಸದಲ್ಲೇ ಹೇಳಬಹುದು. ಸ್ಲರ್ಮ್ ಇಲ್ಲಿ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ತೂಬು ಎತ್ತುವವನು ಅವನೇ. ಗದ್ದೆಯೊಳಗೆ ಬಂದ ನೀರನ್ನು ಯಾವ ಮಡಿಗೆ ತಿರುಗಿಸೋದು ಅನ್ನೋದು ಸ್ಪಾರ್ಕ್‌ನ ಕೆಲಸ. ನಿಮ್ಮ ಆಳು ಬದುವಿನ ಮೇಲೆ ಮುಖ ತೋರಿಸಿ ಮರೆಗೆ ಹೋದ, ಗದ್ದೆಯಲ್ಲಿ ಯಾರೂ ಇಲ್ಲ ಅಂತ ನೀರುಗಂಟಿ ತೂಬು ಮುಚ್ಚಿದ.

ಹಾಗಾಗಿ ಆಳು ಕಣ್ಣಿಗೆ ಕಾಣುವಂತೆ ನಿಂತಿರಬೇಕು. ಸ್ಪಾರ್ಕ್-ನೋ-ಡೀಮನೈಸ್ ಅನ್ನೋ ಎನ್‌ವಿರಾನ್‌ಮೆಂಟ್ ವೇರಿಯಬಲ್ ಇದೆ (ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್). ಅದಕ್ಕೆ 1 ಕೊಡಿ. ಆಗ ಸ್ಟಾರ್ಟ್-ವರ್ಕರ್ ಹಿನ್ನೆಲೆಗೆ ಹೋಗದೆ ಮುನ್ನೆಲೆಯಲ್ಲೇ ಓಡುತ್ತೆ. ಆದರೆ ಅದನ್ನು ಮಾಸ್ಟರ್ ಎಬ್ಬಿಸಿದ ನಂತರ ಕೊಡಿ, ಮೊದಲೇ ಕೊಟ್ಟರೆ ಮಾಸ್ಟರ್ ಕೂಡ ಮುನ್ನೆಲೆಯಲ್ಲಿ ನಿಂತು ಸ್ಕ್ರಿಪ್ಟ್ ಮುಂದಕ್ಕೇ ಹೋಗಲ್ಲ. ನೋಡ್‌ಗೆ ಒಂದೇ ಟಾಸ್ಕ್ ಅಂತ ಹೇಳಿ ಒಂದೇ ಎಸ್‌ರನ್ ಹಾಕಿ, ಆ ಸಾಲಿನ ಕೊನೆಗೆ & ಇಡಿ. ಅಂದರೆ ಹಿನ್ನೆಲೆಗೆ ಹೋಗೋದು ಎಸ್‌ರನ್, ವರ್ಕರ್ ಅಲ್ಲ. ನಾಲ್ಕೂ ನೋಂದಣಿಯಾಗುವವರೆಗೆ ಕಾದು, ಆಮೇಲೆ ಸಬ್ಮಿಟ್ ಮಾಡಿ. ಸಬ್ಮಿಟ್‌ಗೆ ಮುಂದೆ ಎಸ್‌ರನ್ ಹಾಕಬೇಡಿ. 20.11ರಿಂದ ಈಚಿನ ಸ್ಲರ್ಮ್‌ನಲ್ಲಿ ಒಂದು ಸ್ಟೆಪ್ ಹಿಡಿದ ಕೋರ್ ಇನ್ನೊಂದು ಸ್ಟೆಪ್‌ಗೆ ಸಿಗಲ್ಲ, ಓವರ್‌ಲ್ಯಾಪ್ ಅಂತ ಕೇಳದಿದ್ದರೆ ಎರಡನೆಯದು ಕಾಯುತ್ತಲೇ ಇರುತ್ತೆ.

ಇನ್ನೊಂದು ಮಾತು. ಯಂತ್ರ ಹಂಚುವ ತಂತ್ರಾಂಶಗಳಲ್ಲಿ ಸ್ಪಾರ್ಕ್‌ಗೆ ಯಾರ್ನ್ ಗೊತ್ತು, ಕುಬರ್ನೆಟೀಸ್ ಗೊತ್ತು, ಸ್ಲರ್ಮ್ ಗೊತ್ತಿಲ್ಲ. ಆದ್ದರಿಂದಲೇ ಜಾಬ್ ಒಳಗೆ ಹೀಗೆ ತಾತ್ಕಾಲಿಕ ಸ್ಟ್ಯಾಂಡ್‌ಅಲೋನ್ (ಸ್ಪಾರ್ಕ್ ತಾನೇ ನಡೆಸುವ) ಕ್ಲಸ್ಟರ್ ಕಟ್ಟಬೇಕಾಗಿರೋದು. ಇದನ್ನೇ ಸಲೀಸಾಗಿ ಮಾಡೋಕೆ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರ ಮ್ಯಾಗ್ಪೈ ಅನ್ನೋ ಸ್ಕ್ರಿಪ್ಟ್‌ಗಳಿವೆ. ಸ್ಲರ್ಮ್ ಹುಟ್ಟಿದ್ದೂ ಅಲ್ಲೇ. ನನ್ನ ಸಲಹೆ, ಮೊದಲು ಕೈಯಾರೆ ಒಂದು ಸಲ ಕಟ್ಟಿ ನೋಡಿ. ಏನಾದರೂ ಕೆಟ್ಟಾಗ ಎಲ್ಲಿ ನೋಡಬೇಕು ಅಂತ ತಿಳಿಯುತ್ತೆ.

ಕೆರೆಕೋಡಿ (ಕೋಲಾರ):

ಸರ್, ವರ್ಕರ್‌ಗಳು ನಿಂತವು! ರಾತ್ರಿ ಹನ್ನೊಂದಕ್ಕೆ ನಾಲ್ಕೂ ಹಸಿರಾಗಿ ಕಂಡಾಗ ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಆದರೆ ವಿಪರೀತ ನಿಧಾನ. ಲ್ಯಾಪ್‌ಟಾಪ್‌ನಲ್ಲಿ 20 ನಿಮಿಷಕ್ಕೆ ಮುಗಿದ ಲಕ್ಷ್ಮೀಸಾಗರ ಕೆರೆಗೆ ಇಲ್ಲಿ ಒಂದು ಗಂಟೆ ಆಯಿತು. ವೆಬ್ ಪುಟದಲ್ಲಿ ಪ್ರತಿ ವರ್ಕರ್‌ಗೆ 48 ಕೋರ್ ಅಂತಲೇ ಇದೆ.

ಹಳೇ ಅಡ್ಮಿನ್ (ತುಮಕೂರು):

48 ಅಂತ ನೀವೇ ಸ್ಪಾರ್ಕ್‌ಗೆ ಬರೆದುಕೊಟ್ಟಿದ್ದೀರಿ, ಅದನ್ನೇ ತೋರಿಸುತ್ತಿದೆ. ನಿಜಕ್ಕೆ ಎಷ್ಟು ಸಿಕ್ಕಿದೆ ನೋಡಿ: ಜಾಬ್ ಓಡುವಾಗ ಆ ನೋಡ್‌ಗೆ ಹೋಗಿ ಟಾಪ್ ಆದೇಶ (ಯಾವ ಪ್ರೋಸೆಸ್ ಎಷ್ಟು ಸಿಪಿಯು ಬಳಸುತ್ತಿದೆ ಅಂತ ತೋರಿಸುತ್ತೆ) ಹಾಕಿ. ಜಾವಾ 100 ಶೇಕಡಾದಲ್ಲೇ ನಿಂತಿದ್ದರೆ ಇಡೀ ವರ್ಕರ್ ಒಂದೇ ಕೋರ್‌ಗೆ ಕಟ್ಟಿಹಾಕಿಕೊಂಡಿದೆ.

ಸ್ಲರ್ಮ್ 22.05ರಿಂದ, ಎಸ್‌ಬ್ಯಾಚ್‌ನಲ್ಲಿ ಬರೆದ ಸಿಪಿಯುಸ್-ಪರ್-ಟಾಸ್ಕ್ (ಒಂದು ಟಾಸ್ಕ್‌ಗೆ ಎಷ್ಟು ಕೋರ್ ಅನ್ನೋದು) ಎಸ್‌ರನ್‌ಗೆ ತಾನಾಗಿ ಇಳಿದು ಬರಲ್ಲ. ಎಸ್‌ರನ್ ಸಾಲಿನಲ್ಲೂ ಮತ್ತೆ 48 ಅಂತ ಬರೆಯಬೇಕು. ಹಳೇ ಟ್ಯುಟೋರಿಯಲ್ ನೋಡಿ ಮಾಡಿದವರೆಲ್ಲ ಇಲ್ಲಿ ಎಡವುತ್ತಾರೆ, ನಿಮ್ಮ ತಪ್ಪಲ್ಲ.

ರೇಷ್ಮೆಗೂಡು (ಶಿಡ್ಲಘಟ್ಟ):

ಅಕ್ಕ, ನಡುವೆ ಬಾಯಿ ಹಾಕುತ್ತಿದ್ದೀನಿ, ಬೇಜಾರಾಗಬೇಡಿ. ಕೆರೆಗೂ ಕೆರೆಗೂ ಸಂಬಂಧ ಇಲ್ಲ ಅಂದಮೇಲೆ ಸ್ಪಾರ್ಕ್ ಯಾಕೆ ಬೇಕು? ಕೆರೆ ಅಂಗಳದ ಪಿಕ್ಸೆಲ್ ಮಾತ್ರ ಕತ್ತರಿಸಿಟ್ಟುಕೊಂಡರೆ ಡೇಟಾ ನೂರರಲ್ಲಿ ಒಂದೆರಡು ಪಾಲಿಗೆ ಇಳಿಯಬಹುದು. ಆಮೇಲೆ ಸ್ಲರ್ಮ್‌ನ ಜಾಬ್ ಅರೇ (ಒಂದೇ ಸ್ಕ್ರಿಪ್ಟನ್ನು ಹಲವು ಬಿಡಿ ಜಾಬ್ ಆಗಿ ಓಡಿಸೋದು) ಹಾಕಿ, ಕೆರೆಗೊಂದು ಪೈಥಾನ್ ಜಾಬ್. ಒಂದು ಬಿದ್ದರೆ ಅದೊಂದನ್ನೇ ಮತ್ತೆ ಓಡಿಸಬಹುದು. ಪೈಥಾನ್‌ನಲ್ಲೇ ಹಂಚಿ ಓಡಿಸಬೇಕು ಅಂದರೆ ಡಾಸ್ಕ್-ಜಾಬ್‌ಕ್ಯೂ ಇದೆ, ಅದಕ್ಕೆ ಸ್ಲರ್ಮ್ ಭಾಷೆ ಬರುತ್ತೆ.

ಕೆರೆಕೋಡಿ (ಕೋಲಾರ):

ಬೇಜಾರು ಯಾಕೆ, ಒಳ್ಳೆ ಪ್ರಶ್ನೆ. ನೀರಿನ ವಿಸ್ತಾರದ ಲೆಕ್ಕಕ್ಕೆ ನೀವು ಹೇಳಿದ್ದೇ ಸರಿ, ಅದನ್ನು ಜಾಬ್ ಅರೇಗೆ ಬದಲಿಸುತ್ತೇನೆ. ಆದರೆ ಕೆರೆಯ ಕೆಳಗಿನ ಅಚ್ಚುಕಟ್ಟು, ಸುತ್ತಲ ಬೋರ್‌ವೆಲ್ ತೋಟಗಳು ಎಷ್ಟು ಹಸಿರಾದವು ಅನ್ನೋದೂ ಬೇಕು. ಅದಕ್ಕೆ ಜಿಲ್ಲೆಯ ಎಲ್ಲ ಪಿಕ್ಸೆಲನ್ನೂ ಮಳೆ ಮಾಪನದ ದಾಖಲೆ ಜೊತೆ ದಿನಾಂಕ, ಜಾಗ ಎರಡರಲ್ಲೂ ಜೋಡಿಸಬೇಕು. ಆ ಜೋಡಣೆಗೆ ಸ್ಪಾರ್ಕ್ ಬಿಡೋಕಾಗಲ್ಲ.

ಹಳೇ ಅಡ್ಮಿನ್ (ತುಮಕೂರು):

ಅಷ್ಟು ದೊಡ್ಡ ಜೋಡಣೆ ಅಂದರೆ ಷಫಲ್ ಬಗ್ಗೆ ಹೇಳಲೇಬೇಕು, ಅಂದರೆ ಜೋಡಿಸೋಕೆ ಸ್ಪಾರ್ಕ್ ಡೇಟಾವನ್ನು ವರ್ಕರ್‌ಗಳ ನಡುವೆ ಮತ್ತೆ ಹಂಚೋದು. ಆಗ ಮ್ಯಾಪ್ ಟಾಸ್ಕ್ ಒಂದಕ್ಕೆ ಒಂದು ಡೇಟಾ ಫೈಲು, ಒಂದು ಇಂಡೆಕ್ಸ್ ಫೈಲು. 10,000 ಟಾಸ್ಕ್ ಇದ್ದರೆ ಕನಿಷ್ಠ 20,000 ಫೈಲು. ಸ್ಪಾರ್ಕ್-ಲೋಕಲ್-ಡೈರ್ಸ್ (ಈ ಫೈಲು ಬರೆಯೋ ಜಾಗ) ಅನ್ನು ಎಲ್ಲರೂ ಬಳಸೋ ಲಸ್ಟರ್ ಡಿಸ್ಕ್‌ಗೆ ತೋರಿಸಿದರೆ, ಯಾವ ಫೈಲು ಎಲ್ಲಿದೆ ಅಂತ ಲೆಕ್ಕ ಇಡೋ ಮೆಟಾಡೇಟಾ ಸರ್ವರ್ ಒದ್ದಾಡುತ್ತೆ. ನಾನು ನೋಡಿಕೊಳ್ಳುತ್ತಿದ್ದ ಕ್ಲಸ್ಟರ್‌ನಲ್ಲಿ ಒಬ್ಬ ವಿದ್ಯಾರ್ಥಿ ಹೀಗೆ ಮಾಡಿದಾಗ ಒಂದು ಫೋಲ್ಡರ್ ತೆರೆಯೋಕೂ ಉಳಿದವರು ನಿಮಿಷಗಟ್ಟಲೆ ಕಾದರು. ಪ್ರಬಂಧ ಸಲ್ಲಿಸೋ ವಾರ ಅದು. ಆ ಹುಡುಗನಿಗೆ ಮೊದಲೇ ಹೇಳಿಕೊಡಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತೆ. ನೋಡ್‌ನದೇ ಎನ್‌ವಿಎಂಇ ಡಿಸ್ಕ್ ಇದ್ದರೆ ಅಲ್ಲಿಡಿ, ಜಾಬ್ ಮುಗಿದಾಗ ಅಳಿಸಿ. ಮೂಲ ಪಾರ್ಕೆ ಫೈಲುಗಳು ಲಸ್ಟರ್‌ನಲ್ಲೇ ಇರಲಿ, ಅವುಗಳಿಗಾಗಿ ಎಚ್‌ಡಿಎಫ್‌ಎಸ್ (ಹಡೂಪ್‌ನ ಫೈಲ್ ವ್ಯವಸ್ಥೆ) ಕಟ್ಟುವ ಅಗತ್ಯ ಇಲ್ಲ.

ಮೆಮೊರಿಗೂ ಕೈ ಬಿಗಿ ಹಿಡಿಯಿರಿ. 192 ಇದೆ ಅಂತ ಅಷ್ಟನ್ನೂ ಜಾವಾಗೆ ಕೊಟ್ಟರೆ ಪೈಥಾನ್ ಪ್ರೋಸೆಸ್‌ಗಳಿಗೆ ಉಳಿಯಲ್ಲ, ಮಿತಿ ದಾಟಿದ ಕ್ಷಣ ಸಿಗ್ರೂಪ್ ಕೊಲ್ಲುತ್ತೆ. ನಾನಾದರೆ ನೋಡ್‌ಗೆ ಆರು ಎಕ್ಸಿಕ್ಯೂಟರ್ (ವರ್ಕರ್ ಎಬ್ಬಿಸುವ, ನಿಜವಾಗಿ ಲೆಕ್ಕ ಮಾಡುವ ಜಾವಾ ಪ್ರೋಸೆಸ್), ಒಂದೊಂದಕ್ಕೆ 8 ಕೋರ್, 24 ಜಿಬಿ ಇಡುತ್ತೇನೆ. ಅಲ್ಲಿಗೆ 144. ಹೀಪ್ (ಒಂದು ಜಾವಾ ಪ್ರೋಸೆಸ್‌ಗೆ ಕೊಟ್ಟ ಮೆಮೊರಿ) 32 ಜಿಬಿ ಒಳಗಿದ್ದರೆ ಜಾವಾ ಚಿಕ್ಕ ಪಾಯಿಂಟರ್ ಬಳಸುತ್ತೆ, ಅದೂ ಲಾಭ.

ಆಮೇಲೆ ಮಾಸ್ಟರ್ ಕೆಲಸ ತೆಗೆದುಕೊಳ್ಳುವ 7077 ಪೋರ್ಟ್. ಹಂಚಿಕೊಂಡ ಕ್ಲಸ್ಟರ್‌ನಲ್ಲಿ ಒಳಗಿರೋ ಯಾರು ಬೇಕಾದರೂ ನಿಮ್ಮ ಮಾಸ್ಟರ್‌ಗೆ ಕೆಲಸ ಕಳಿಸಬಹುದು, ಅದು ನಿಮ್ಮ ಹೆಸರಲ್ಲೇ ಓಡುತ್ತೆ. ಸ್ಪಾರ್ಕ್‌ನ ಅಥೆಂಟಿಕೇಟ್ ಆನ್ ಮಾಡಿ, ಪ್ರತಿ ಜಾಬ್‌ಗೂ ಹೊಸ ಗುಟ್ಟಿನ ಪದ ಕೊಡಿ. ಇದನ್ನು ನಾಳೆಗೆ ತಳ್ಳಬೇಡಿ.

ಕೆರೆಕೋಡಿ (ಕೋಲಾರ):

ಎಲ್ಲ ಮಾಡಿದೆ ಸರ್. ಎಸ್‌ರನ್‌ನಲ್ಲಿ 48 ಬರೆದ ಮೇಲೆ ಲಕ್ಷ್ಮೀಸಾಗರ ಎರಡು ನಿಮಿಷದೊಳಗೆ ಬಂತು. ಷಫಲ್ ಈಗ ನೋಡ್‌ನ ಡಿಸ್ಕ್‌ನಲ್ಲೇ ಇದೆ. ನಮಗೆ 24 ಗಂಟೆಯ ಮಿತಿ ಇರೋದರಿಂದ ವರ್ಷಕ್ಕೊಂದು ಜಾಬ್ ಅಂತ ಒಡೆದಿದ್ದೇನೆ. ಸಮಯ ಮುಗಿದು ಸ್ಲರ್ಮ್ ನಿಲ್ಲಿಸಿದರೂ ಹಿಂದಿನ ವರ್ಷಗಳ ಫಲಿತಾಂಶ ಉಳಿದಿರುತ್ತೆ.

ಶಿಡ್ಲಘಟ್ಟದ ತಮ್ಮ ಹೇಳಿದ ಜಾಬ್ ಅರೇಯಲ್ಲಿ ನರಸಾಪುರ ಕೆರೆಯ ನೀರಿನ ಸಾಲು 2017ರಿಂದ ಈಚೆಗೆ ಪೂರ್ತಿ ಬಂದಿದೆ, ಮುಂಗಾರಿನ ಮೋಡ ಮುಚ್ಚಿದ ದಿನಗಳನ್ನು ಬಿಟ್ಟು. ನಾನು ಬಳಸಿದ ಸ್ಕ್ರಿಪ್ಟನ್ನು ಕನ್ನಡದಲ್ಲೇ ಟಿಪ್ಪಣಿ ಬರೆದು ಈ ವಾರ ಇಲ್ಲೇ ಹಾಕುತ್ತೇನೆ. ಮಾಲೂರು ಕಡೆಯ ಜೋಡಣೆ ಈಗ ಸರದಿಯಲ್ಲಿದೆ, ಬೆಳಗಿನ ಜಾವ ನಾಲ್ಕಕ್ಕೆ ನಮ್ಮ ಪಾಳಿ.