ಪಿಸಿಒಎಸ್‌ಗೆ ಬರ್ಬೆರಿನ್, ಡಿಐಎಂ, ವೈಟೆಕ್ಸ್ ಎಲ್ಲಾ ಸೇರಿದ ಕ್ಯಾಪ್ಸೂಲ್ ತಗೋಬಹುದಾ?

ಪ್ರಶ್ನೆ:
ಪಿಸಿಒಎಸ್ (ಅಂಡಾಶಯ, ಹಾರ್ಮೋನ್ ಏರುಪೇರಿನ ತೊಂದರೆ) ಇದೆ, ಮುಟ್ಟು 45ರಿಂದ 60 ದಿನಕ್ಕೊಮ್ಮೆ. ಗದ್ದದ ಮೇಲೆ ಕೂದಲು, ಕತ್ತಿನ ಹಿಂದೆ ಚರ್ಮ ದಪ್ಪಗಾಗಿ ಕಪ್ಪಾಗಿದೆ. ಥೈರಾಯ್ಡ್‌ಗೆ ದಿನಾ ಬೆಳಿಗ್ಗೆ ಲೆವೋಥೈರಾಕ್ಸಿನ್ ತಗೋತೀನಿ. ‘ಹಾರ್ಮೋನ್ ಬ್ಯಾಲೆನ್ಸ್’ ಕ್ಯಾಪ್ಸೂಲ್ ಒಂದರ ಲೇಬಲ್‌ನಲ್ಲಿ ಬರ್ಬೆರಿನ್ (ಗಿಡದ ಸಾರ), ಡಿಐಎಂ (ಕೋಸಿನ ಜಾತಿಯ ತರಕಾರಿಯಿಂದ ಬರುವ ಅಂಶ), ವೈಟೆಕ್ಸ್ (ಒಂದು ಗಿಡದ ಹಣ್ಣಿನ ಸಾರ), ಸೋಯಾ ಐಸೊಫ್ಲೇವೋನ್ (ಸೋಯಾದ ಈಸ್ಟ್ರೋಜನ್ ತರದ ಅಂಶ) ಸೇರಿ 750 ಮಿ.ಗ್ರಾಂ ಎಂದಿದೆ. ಯಾವುದು ಎಷ್ಟು ಅಂತ ಬರೆದಿಲ್ಲ. ದಿನಕ್ಕೊಂದು ಸಾಕಂತೆ. ಶುರು ಮಾಡಬಹುದಾ?

ಉತ್ತರ 1:
ಬೇಡ. ಪ್ರಮಾಣ ಬಿಡಿಬಿಡಿಯಾಗಿ ಬರೆಯದ ಮಿಶ್ರಣವನ್ನು ಅಲ್ಲಿಗೇ ಕೈಬಿಡಿ. ಈ ನಾಲ್ಕರ ಕೆಲಸವೂ ಬೇರೆ ಬೇರೆ. ಡಿಐಎಂ ದೇಹದಲ್ಲಿ ಈಸ್ಟ್ರೋಜನ್ (ಹೆಣ್ಣು ಹಾರ್ಮೋನ್) ವಿಭಜನೆಯ ದಾರಿ ಬದಲಿಸುತ್ತದೆ, ಆದರೆ ಅದರಿಂದ ಪಿಸಿಒಎಸ್ ಲಕ್ಷಣ ಕಡಿಮೆಯಾಗುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ವೈಟೆಕ್ಸ್ ಡೋಪಮಿನ್ ಗ್ರಾಹಕಗಳ ಮೂಲಕ ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ಇಳಿಸುತ್ತದೆ. ಪ್ರೊಲ್ಯಾಕ್ಟಿನ್ ಪರೀಕ್ಷೆಯನ್ನೇ ಮಾಡಿಸದೆ ಅದನ್ನು ನುಂಗಿದರೆ ಮುಟ್ಟು ತಡವಾಗುವ ನಿಜವಾದ ಕಾರಣ ಮರೆಯಾಗಬಹುದು. ಸೋಯಾ ಐಸೊಫ್ಲೇವೋನ್ ಬಳಕೆ ಹೆಚ್ಚಾಗಿ ಮುಟ್ಟು ನಿಲ್ಲುವ ವಯಸ್ಸಿನ ಬಿಸಿಯುಬ್ಬರಕ್ಕೆ.

ಕತ್ತು ಕಪ್ಪಾಗಿರುವುದು ಇನ್ಸುಲಿನ್ ಪ್ರತಿರೋಧದ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಕಡೆ ಬೆರಳು ಮಾಡುತ್ತದೆ. ಈ ನಾಲ್ಕರಲ್ಲಿ ಅದಕ್ಕೆ ಹೆಚ್ಚು ಸಂಬಂಧ ಇರೋದು ಬರ್ಬೆರಿನ್‌ಗೆ. ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕೊಟ್ಟಿದ್ದು 500 ಮಿ.ಗ್ರಾಂ ದಿನಕ್ಕೆ ಮೂರು ಸಲ, ಅಂದರೆ 1500. ನಿಮ್ಮ 750ರಲ್ಲಿ ನಾಲ್ಕೂ ಪಾಲು ಹಂಚಿಕೊಂಡ ಮೇಲೆ ಉಳಿಯೋದೇನು?

ಉತ್ತರ 2:
ಡಾಕ್ಟರ್ ಒಪ್ಪಿದರೆ ಬರ್ಬೆರಿನ್ ಒಂದನ್ನೇ ತಗೊಳ್ಳಿ. ಮೊದಲ ವಾರ ರಾತ್ರಿ ಊಟದ ಜೊತೆ 500 ಮಿ.ಗ್ರಾಂ, ಹೊಟ್ಟೆಗೆ ಒಗ್ಗಿದರೆ ಎರಡನೇ ವಾರ ಎರಡು ಸಲ, ಆಮೇಲೆ ಮೂರು. ನುಂಗಿದ್ದರಲ್ಲಿ ರಕ್ತಕ್ಕೆ ಸೇರೋದು ಶೇ. 1ಕ್ಕಿಂತ ಕಡಿಮೆ, ಮಿಕ್ಕಿದ್ದೆಲ್ಲ ಕರುಳಲ್ಲೇ. ಅದಕ್ಕೇ ಒಮ್ಮೆಲೇ ಪೂರ್ತಿ ಡೋಸ್ ಶುರು ಮಾಡಿದವರಿಗೆ ಬೇಧಿ, ಇಲ್ಲವೇ ಮಲಬದ್ಧತೆ, ಹೊಟ್ಟೆನುಲಿತ.

ಔಷಧಿಗಳನ್ನು ಒಡೆಯುವ ಪಿತ್ತಜನಕಾಂಗದ ಸಿವೈಪಿ3ಎ4, ಸಿವೈಪಿ2ಡಿ6 ಕಿಣ್ವಗಳನ್ನೂ ಬರ್ಬೆರಿನ್ ತಡೆಯುತ್ತದೆ. ಕೆಲವು ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಔಷಧಿ), ಮೆಟೊಪ್ರೊಲಾಲ್ (ಬಿಪಿ ಔಷಧಿ), ಸೈಕ್ಲೋಸ್ಪೋರಿನ್ (ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ) ತಗೊಳ್ಳುವವರಲ್ಲಿ ಆ ಔಷಧಿಯ ಮಟ್ಟ ಏರಬಹುದು. ಸಕ್ಕರೆ ಕಾಯಿಲೆಯ ಔಷಧಿ ಜೊತೆಗಿದ್ದರೆ ಸಕ್ಕರೆ ಅತಿಯಾಗಿ ಇಳಿಯಬಹುದು.

ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಖಂಡಿತ ಬೇಡ, ಮಗುವಿನ ಬಿಲಿರುಬಿನ್ (ಕಾಮಾಲೆ ತರುವ ಹಳದಿ ವಸ್ತು) ಏರುವ ಅಪಾಯವಿದೆ. ಇಲ್ಲೇ ಹಲವರು ಎಡವೋದು: ಇನ್ಸುಲಿನ್ ಸುಧಾರಿಸಿದರೆ ಅಂಡೋತ್ಪತ್ತಿ ಮರಳಬಹುದು, ಮುಟ್ಟು ತಡವಾಗುವುದು ಮಾಮೂಲಿ ಅಂದುಕೊಂಡಿದ್ದರೆ ಗರ್ಭ ನಿಂತಿದ್ದು ಗೊತ್ತೇ ಆಗಲ್ಲ.

ಪ್ರಶ್ನೆ ಕೇಳಿದವರು:
ಈ ವರ್ಷವೇ ಮಗುವಿಗೆ ಪ್ರಯತ್ನಿಸಬೇಕು ಅಂತಿದ್ದೇವೆ. ಹಾಗಾದರೆ?

ಉತ್ತರ 2:
ಹಾಗಾದರೆ ಬರ್ಬೆರಿನ್ ಬಿಡಿ. ಮಯೋ-ಇನೊಸಿಟಾಲ್ (ಸಕ್ಕರೆಯಂಥ ಪೋಷಕಾಂಶ) ಬಗ್ಗೆ ಡಾಕ್ಟರನ್ನು ಕೇಳಿ: 2 ಗ್ರಾಂ ಪುಡಿ ನೀರಲ್ಲಿ ಕದಡಿ ದಿನಕ್ಕೆರಡು ಸಲ. 2023ರ ಅಂತರರಾಷ್ಟ್ರೀಯ ಪಿಸಿಒಎಸ್ ಮಾರ್ಗಸೂಚಿ ಇದರಿಂದ ಹಾನಿ ಕಡಿಮೆ, ಆದರೆ ಅಂಡೋತ್ಪತ್ತಿ, ಕೂದಲು, ತೂಕದ ವಿಷಯದಲ್ಲಿ ಲಾಭ ಸೀಮಿತ ಅನ್ನುತ್ತದೆ. ಫೋಲಿಕ್ ಆ್ಯಸಿಡ್ 400 ಮೈಕ್ರೋಗ್ರಾಂ ಈಗಲೇ ಶುರುವಾಗಲಿ.

ಉತ್ತರ 3:
ಥೈರಾಯ್ಡ್ ಮಾತು ಬಿಟ್ಟುಹೋಯಿತು. ಸೋಯಾ ಲೆವೋಥೈರಾಕ್ಸಿನ್ ಹೀರಿಕೆಗೆ ಅಡ್ಡಿ ಮಾಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳೂ ಅಷ್ಟೇ, ಕನಿಷ್ಠ 4 ಗಂಟೆ ಅಂತರ ಇರಲಿ. ಗರ್ಭಕ್ಕೆ ಪ್ರಯತ್ನಿಸುವ ಮೊದಲೇ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ನೋಡಿಸಿ. ಅದರ ಜೊತೆ ಪ್ರೊಲ್ಯಾಕ್ಟಿನ್, ಟೆಸ್ಟೊಸ್ಟೆರಾನ್, 75 ಗ್ರಾಂ ಗ್ಲೂಕೋಸ್ ಪರೀಕ್ಷೆಯೂ ಆಗಲಿ. ಕೂದಲಿಗೆಂದು ಬಯೋಟಿನ್ (ಒಂದು ಬಿ ವಿಟಮಿನ್) ನುಂಗುತ್ತಿದ್ದರೆ ಲ್ಯಾಬ್‌ಗೆ ಮೊದಲೇ ಹೇಳಿ ಎರಡು ಮೂರು ದಿನ ನಿಲ್ಲಿಸಿ. ಇಲ್ಲದಿದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸಬಹುದು.

90 ದಿನ ದಾಟಿಯೂ ಮುಟ್ಟಾಗದಿದ್ದರೆ ಗರ್ಭ ಪರೀಕ್ಷೆ ಮಾಡಿ, ನೆಗೆಟಿವ್ ಬಂದರೆ ನೇರ ಡಾಕ್ಟರ್ ಹತ್ತಿರ ಹೋಗಿ. ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗುತ್ತದೆ, ಅದಕ್ಕೆ ಪ್ರೊಜೆಸ್ಟೋಜನ್ (ಮುಟ್ಟು ಬರಿಸುವ ಹಾರ್ಮೋನ್ ಔಷಧಿ) ಬೇಕಾಗಬಹುದು, ಯಾವ ಸಪ್ಲಿಮೆಂಟೂ ಆ ಕೆಲಸ ಮಾಡಲ್ಲ.